ಇನ್‌ವರ್ಡ್ ಶ್ಯಾಮಸುಂದರರ ಮೊಮ್ಮಗಳು

ಕಥೆ ಹೇಳುವವರು ಮೊದಲು ದೇವರಿಗೆ ಕೈಮುಗಿಯುವುದು ಪದ್ಧತಿ. ಈ ಕಥೆಗೆ ಮಾತ್ರ ಒಂದು ರಬ್ಬರ್ ಸೀಲಿಗೂ ಕೈಮುಗಿಯಬೇಕಾಗುತ್ತದೆ. ಬಸವೇಶ್ವರನಗರದ ಎಂಟನೇ ಕ್ರಾಸಿನ ಶ್ಯಾಮಸುಂದರರು ತಮ್ಮ ಆಯುಸ್ಸಿನ ಮೂವತ್ತನಾಲ್ಕು ವರ್ಷಗಳನ್ನು ಅದರ ಸೇವೆಯಲ್ಲೇ ಕಳೆದವರು.

ಅವರಿದ್ದದ್ದು ಒಂದು ಸರ್ಕಾರಿ ಇಲಾಖೆಯ ಇನ್‌ವರ್ಡ್ ವಿಭಾಗದಲ್ಲಿ. ಹೊರಗಿನಿಂದ ಬಂದ ಕಾಗದದ ಮೇಲೆ ಠಪ್ ಎಂದು ಸೀಲು ಒತ್ತಬೇಕು, ನಂಬರು ಹಾಕಬೇಕು, ಪಕ್ಕದ ಮೇಜಿಗೆ ದೂಡಬೇಕು. ಒಳಗೆ ಏನು ಬರೆದಿದೆ ಎಂದು ಓದುವುದು ಅವರ ಕೆಲಸವಾಗಿರಲಿಲ್ಲ. ತಮ್ಮದಲ್ಲದ ಕೆಲಸಕ್ಕೆ ಅವರು ಕೈಹಾಕಿದವರೂ ಅಲ್ಲ. ಹೀಗಾಗಿ ದೇಶದ ಕಾನೂನುಗಳೆಲ್ಲ ಅವರ ಕೈಯಡಿಯಲ್ಲೇ ಹಾದುಹೋಗಿದ್ದವು, ಒಂದೂ ತಲೆಗೆ ಹತ್ತಿರಲಿಲ್ಲ. ಈ ಭೇದ ಎಂಟನೇ ಕ್ರಾಸಿಗೆ ಹೇಗೆ ತಿಳಿಯಬೇಕು? ಖಾತೆ, ಪಿಂಚಣಿ, ಪಹಣಿ, ಯಾವುದಕ್ಕೇ ಆಗಲಿ ಜನ ಅವರನ್ನೇ ಕೇಳುತ್ತಿದ್ದರು. ಅವರೂ ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ, ಬಲಗೈ ಮುಷ್ಟಿಯನ್ನು ಮೇಜಿನ ಮೇಲೆ ಠಪ್ ಎಂದು ಕುಟ್ಟಿ ತೀರ್ಪು ಕೊಡುತ್ತಿದ್ದರು. ನಿವೃತ್ತರಾಗಿ ಏಳು ವರ್ಷ ಕಳೆದರೂ ಆ ಮುಷ್ಟಿಗೆ ನಿವೃತ್ತಿ ಬಂದಿರಲಿಲ್ಲ.

ಹೆಂಡತಿ ಅನಂತಲಕ್ಷ್ಮಿ ಇದಕ್ಕೆ ತದ್ವಿರುದ್ಧ. ಅವರು ಓದದೆ ಒಂದು ಅಕ್ಷರ ಆಡುವವರಲ್ಲ. ಸಂಜೆ ಐದಾದರೆ ಕ್ರಾಸಿನ ಮಕ್ಕಳನ್ನು ಹಜಾರದಲ್ಲಿ ಕೂರಿಸಿಕೊಂಡು ಕಾವ್ಯವಾಚನ ಹೇಳಿಕೊಡುತ್ತಿದ್ದರು. ದಂಪತಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಏಕೆಂದರೆ ಎತ್ತಲು ಹೊರಟವರಿಗೆ ಆ ಮನೆಯಲ್ಲಿ ಮಕ್ಕಳ ಗಲಾಟೆಯಲ್ಲಿ ತಮ್ಮ ಮಾತೇ ಕೇಳಿಸುತ್ತಿರಲಿಲ್ಲ.

ಮಹಡಿಯ ಮೇಲೆ ಬಾಡಿಗೆಗಿದ್ದವರು ಇಥಿಯೋಪಿಯಾದವರು. ಯಜಮಾನ ಟೆಸ್ಫಾಯೆ ರಾಗಿಯ ಮೇಲೆ ಸಂಶೋಧನೆ ಮಾಡಲು ಬಂದವನು, ಹೆಂಡತಿ ಅಲ್ಮಾಜ್. ಅವರು ಬಂದ ವಾರದಲ್ಲೇ ಶ್ಯಾಮಸುಂದರರು ಒಂದು ಸಂಗತಿ ಕಂಡುಹಿಡಿದಿದ್ದರು: ಆ ದೇಶದಲ್ಲೂ ಮನೆತನದ ಹೆಸರೆಂಬುದಿಲ್ಲ, ಮಕ್ಕಳ ಹೆಸರಿನ ಜೊತೆ ಅಪ್ಪನ ಹೆಸರೇ ಬರುತ್ತದೆ. 'ನಮ್ಮ ಇನಿಶಿಯಲ್ ಥರಾನೇ' ಎಂದು ಮುಷ್ಟಿ ಕುಟ್ಟಿ, ಅಂದಿನಿಂದಲೇ ಅವರನ್ನು ನಮ್ಮವರ ಪಟ್ಟಿಗೆ ಸೇರಿಸಿಬಿಟ್ಟರು. ಮುಂದಿನ ವರ್ಷ ಅಲ್ಮಾಜಳಿಗೆ ನೋವು ಕಾಣಿಸಿಕೊಂಡಾಗ ಟೆಸ್ಫಾಯೆ ಹೊಲದ ಕೆಲಸಕ್ಕೆ ಮಂಡ್ಯದ ಕಡೆ ಹೋಗಿದ್ದ. ಆಟೋ ಹಿಡಿದು ರಾಜಾಜಿನಗರದ ಆಸ್ಪತ್ರೆಗೆ ಸೇರಿಸಿದವರು ಇವರೇ. ನರ್ಸು ಮಗುವನ್ನು ತಂದು, "ತಾತ ನೀವೇನಾ?" ಎಂದಾಗ ಇವರು ಹಿಂದೆ ಮುಂದೆ ನೋಡದೆ "ಹೂಂ" ಎಂದುಬಿಟ್ಟರು. ಮುಂದೆ ನಡೆದ ಇಡೀ ರಾಮಾಯಣದ ಬೀಜ ಆ ಒಂದು ಹೂಂಕಾರದಲ್ಲಿತ್ತು.

ಮಗುವಿನ ಹೆಸರು ಸೆಲಾಮ್. ಅವರ ಭಾಷೆಯಲ್ಲಿ ಶಾಂತಿ ಎಂದರ್ಥ ಎಂದು ತಿಳಿದ ಅನಂತಲಕ್ಷ್ಮಿ ಅವಳನ್ನು ಶಾಂತಾ ಎಂದು ಕರೆದರು. ಕ್ರಾಸೂ ಹಾಗೆಯೇ ಕರೆಯಿತು. ಅಂಬೆಗಾಲಿಡುವ ಕಾಲದಲ್ಲೇ ಅವಳು ಮೆಟ್ಟಿಲ ಮೇಲೆ ಕೂತು ಕೆಳಗಿನ ವಾಚನ ಕೇಳುತ್ತಿದ್ದಳು. ಈಗ ಏಳು ವರ್ಷ. ಷಟ್ಪದಿಯನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು, ಯಾವ ಮಾತಿಗೆ ದನಿ ಇಳಿಸಬೇಕು ಎಂಬುದು ಆ ಮಗುವಿಗೆ ಯಾರೂ ಹೇಳದೆಯೇ ಗೊತ್ತಿತ್ತು. ಅವಳು ಓದುವಾಗ ಅನಂತಲಕ್ಷ್ಮಿ ತಿದ್ದುವುದನ್ನು ಬಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು. ಶಿಷ್ಯರಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಆ ಮನೆಯಲ್ಲಿ ಇರಲಿಲ್ಲ.

ಅಂಥವಳು ಒಂದು ದಿನ ಸ್ಕೂಲಿನಿಂದ ಬಂದವಳೇ ಬ್ಯಾಗು ಇಳಿಸದೆ ಶ್ಯಾಮಸುಂದರರ ಮುಂದೆ ನಿಂತಳು.

"ತಾತಾ, ವೀಸಾ ಈ ತಿಂಗಳು ಮುಗಿಯುತ್ತಂತೆ. ಮುಂದಕ್ಕೆ ಕೊಡದಿದ್ರೆ ನಾವು ಹೋಗ್ಬಿಡ್ಬೇಕಂತೆ. ಆಮೇಲೆ ಕ್ಲಾಸಿಗೆ ದಿನಾ ಹೆಂಗೆ ಬರೋದು?"

"ನಿಂಗ್ಯಾಕಮ್ಮ ವೀಸಾ? ನೀನು ಹುಟ್ಟಿದ್ದೆಲ್ಲಿ?"

"ರಾಜಾಜಿನಗರ."

"ರಾಜಾಜಿನಗರ ಎಲ್ಲಿದೆ?"

"ಮೆಟ್ರೋ ಹತ್ರ."

"ಇಂಡಿಯಾದಲ್ಲಿದೆ. ಅಂದ್ಮೇಲೆ ನೀನು ಇಂಡಿಯನ್ನು." ಮುಷ್ಟಿ ಬಿತ್ತು. ಮಗುವೂ ತನ್ನ ಪುಟ್ಟ ಮುಷ್ಟಿಯನ್ನು ಪಕ್ಕದಲ್ಲೇ ಕುಟ್ಟಿತು. ಅದು ಅವರಿಬ್ಬರ ನಡುವಿನ ಹಳೆಯ ಒಪ್ಪಂದ.

ಹೂ ಕಟ್ಟುತ್ತಿದ್ದ ಅನಂತಲಕ್ಷ್ಮಿ ತಲೆ ಎತ್ತದೆ, "ಎಲ್ಲಾದ್ರೂ ಓದಿದೀರೋ, ಇಲ್ಲ ಬರೀ ಸೀಲು ಹಾಕ್ತಾ ಇದೀರೋ?" ಎಂದರು. ಶ್ಯಾಮಸುಂದರರು ಅದನ್ನು ಕೇಳಿಸಿಕೊಳ್ಳಲಿಲ್ಲ.

ಟೆಸ್ಫಾಯೆ ಕ್ರಮದ ಮನುಷ್ಯ. ಮೂವರ ಹೆಸರಿನಲ್ಲೂ ವಿದೇಶೀಯರ ನೋಂದಣಿ ಕಚೇರಿಗೆ ಅರ್ಜಿ ಹಾಕಿ ಕಾಯುತ್ತಿದ್ದ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗಳು ಇಲ್ಲಿಯವಳಾಗುವುದಿಲ್ಲ, ಕಾನೂನು ಹಾಗಿಲ್ಲ ಎಂದು ಆತ ವಿನಯದಿಂದ ಹೇಳಿದಾಗ ಶ್ಯಾಮಸುಂದರರಿಗೆ ಅವನ ಮೇಲೆ ಕನಿಕರ ಬಂತು. ಪಾಪ, ರಾಗಿ ಓದಿದವನಿಗೆ ಸರ್ಕಾರ ಹೇಗೆ ಗೊತ್ತಾಗಬೇಕು? ಅವನಿಗೆ ತಿಳಿಸದೆಯೇ ಈ ಉಪಕಾರ ಮಾಡಿ ಮುಗಿಸಬೇಕೆಂದು ತೀರ್ಮಾನಿಸಿ, ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾಡಕಚೇರಿಗೆ ಹೋಗಿ, ಸೆಲಾಮ್ ಹೆಸರಿನಲ್ಲಿ ವಾಸಸ್ಥಳ ದೃಢೀಕರಣ ಪತ್ರಕ್ಕೆ ಅರ್ಜಿ ಕೊಟ್ಟು ಬಂದರು. ಅವರ ಲೆಕ್ಕಾಚಾರದಲ್ಲಿ ಅದೊಂದು ಕಾಗದ ಕೈಗೆ ಬಂದರೆ ಪೌರತ್ವ ಅದರ ಹಿಂದೆಯೇ ಬಾಲದಂತೆ ಬರುತ್ತಿತ್ತು. ಅಲ್ಲಿಯ ಗುಮಾಸ್ತೆ, ಒಬ್ಬರು ಸ್ಥಳಕ್ಕೆ ಬಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ ಎಂದಿದ್ದಳು.

ಅಕ್ಕಪಕ್ಕದವರೆಂದರೆ ಮೂವರು. ಎದುರು ಮನೆಯ ದೊಡ್ಡಹನುಮಯ್ಯ. ಬಡಾವಣೆ ಆಗುವ ಮೊದಲು ಆ ಜಾಗವೆಲ್ಲ ಅವರ ಮನೆತನದ ರಾಗಿ ಹೊಲ. ಅವರ ಹೆಂಡತಿ ಪಾಪಮ್ಮ. ಸೆಲಾಮಳಿಗೆ ಸಂಜೆಯ ತಿಂಡಿ ಅವರದೇ ಅಡುಗೆಮನೆಯಲ್ಲಿ. ಮೂಲೆಯ ಇಸ್ತ್ರಿ ಗಾಡಿಯ ಬಸಪ್ಪ. ಯಾರ ಮನೆಯಲ್ಲಿ ಯಾರಿದ್ದಾರೆಂದು ಬಟ್ಟೆಯಿಂದಲೇ ಬಲ್ಲವನು. ಮೂವರನ್ನೂ ಗಾಡಿಯ ಬಳಿ ಸೇರಿಸಿ ಶ್ಯಾಮಸುಂದರರು ಹೇಳಿದ್ದು ಇಷ್ಟೇ: "ಆಫೀಸಿನವರು ಯಾರಾದ್ರೂ ಬಂದು ಕೇಳಿದ್ರೆ, ಮಗು ನಮ್ಮದು ಅಂತ ಹೇಳಿ. ಅಷ್ಟು ಸಾಕು."

ಅಷ್ಟು ಸಾಕು ಎಂದರೆ ಅಷ್ಟಕ್ಕೇ ನಿಲ್ಲಿಸುವ ಸಾಕ್ಷಿ ಭೂಮಿಯ ಮೇಲೆ ಇನ್ನೂ ಹುಟ್ಟಬೇಕಾಗಿದೆ.

ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ ಬೈಕೊಂದು ಬಂದು ನಿಂತಿತು. ಇಳಿದವರು ನಾಡಕಚೇರಿಯವರಲ್ಲ. ವೀಸಾ ಅರ್ಜಿಯ ವಿಚಾರಣೆಗೆಂದು ಠಾಣೆಯಿಂದ ಬಂದಿದ್ದ ಫಕೀರೇಶ. ಗದಗಿನ ಕಡೆಯವರು, ಸಾದಾ ಉಡುಪಿನಲ್ಲಿದ್ದರು. ಶ್ಯಾಮಸುಂದರರು ಅದೇ ಹೊತ್ತಿನಲ್ಲಿ, ಇನ್ನೂ ಯಾಕೆ ಯಾರೂ ಸ್ಥಳಕ್ಕೆ ಬಂದಿಲ್ಲವೆಂದು ದಬಾಯಿಸಲು ನಾಡಕಚೇರಿಗೆ ಹೋಗಿದ್ದರು. ಅನಂತಲಕ್ಷ್ಮಿ ದೇವಸ್ಥಾನದಲ್ಲಿದ್ದರು. ಮಹಡಿಗೆ ಬೀಗ. ಫಕೀರೇಶರು ಎದುರು ಮನೆಗೆ ಬಂದು, ಆಫೀಸಿನಿಂದ ಬಂದಿದ್ದೇನೆ, ಮಹಡಿ ಮನೆಯವರ ಬಗ್ಗೆ ಕೇಳಬೇಕಿತ್ತು ಎಂದರು. ಆಫೀಸಿನವರು ಎಂದ ಕೂಡಲೇ ಪಾಪಮ್ಮ ಸೆರಗು ಸರಿಮಾಡಿಕೊಂಡರು, ಬಸಪ್ಪ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಓಡಿಬಂದ.

ಅಷ್ಟರಲ್ಲಿ ಶುಕ್ರವಾರವೆಂದು ರೇಷ್ಮೆ ಲಂಗ ಉಟ್ಟು, ಎರಡು ಜಡೆಗೂ ಮಲ್ಲಿಗೆ ಮುಡಿದಿದ್ದ ಹುಡುಗಿಯೊಬ್ಬಳು ಒಳಗಿನಿಂದ ನೀರು ತಂದು, "ಕೂತ್ಕೊಳಿ ಸಾರ್, ಬಿಸ್ಲಲ್ಲಿ ಬಂದಿದೀರ" ಎಂದಳು. ಫಕೀರೇಶರಿಗೆ ಊರಿನಲ್ಲಿದ್ದ ಮಗಳ ನೆನಪಾಯಿತು. ನಿನ್ನ ಹೆಸರೇನವಾ ಎಂದು ಕೇಳಿದರು.

"ಶಾಂತಾ."

"ಯಾರ ಮಗಳು?"

ಮಗು ಬಾಯಿ ತೆರೆಯುವ ಮೊದಲೇ ಪಾಪಮ್ಮ, ಎದುರು ಮನೆ ಶ್ಯಾಮಸುಂದರ ಅವರ ಮೊಮ್ಮಗಳು ಎಂದುಬಿಟ್ಟರು. ಫಕೀರೇಶರು ಸುಮ್ಮನೆ ಮಾತಿಗೆ, ಮಗನ ಮಗಳೋ ಮಗಳ ಮಗಳೋ ಎಂದು ಕೇಳಿದರು. ಈ ಪ್ರಶ್ನೆಗೆ ತಾಲೀಮು ಆಗಿರಲಿಲ್ಲ. "ಮಗನ ಮಗಳು" ಎಂದು ಪಾಪಮ್ಮ, "ಮಗಳ ಮಗಳು" ಎಂದು ದೊಡ್ಡಹನುಮಯ್ಯ, ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಆಗ ಬಸಪ್ಪ ತೋರಿದ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಮೊದಲು ಮಗಳ ಮಗಳೇ ಆಗಿದ್ದಳು, ಆಮೇಲೆ ಮಗ ದತ್ತು ತೆಗೆದುಕೊಂಡ, ಆ ದತ್ತುಹೋಮದ ಪಂಚೆಗಳಿಗೆ ತಾನೇ ಇಸ್ತ್ರಿ ಹಾಕಿದ್ದು ಎಂದ. ದೊಡ್ಡಹನುಮಯ್ಯನವರಿಗೆ ತಾವು ಹಿಂದೆ ಬಿದ್ದೆವೆನಿಸಿ, ಏಳು ತಲೆಮಾರಿನಿಂದ ಆ ಮನೆತನ ತಮ್ಮ ಹೊಲದ ಪಕ್ಕದಲ್ಲೇ ಇದೆ ಎಂದರು. ಅಲ್ಲಿಗೆ ನಿಜ ಹೇಳಲು ಜಾಗವೇ ಉಳಿಯಲಿಲ್ಲ. ಮಗು ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವುದನ್ನು ಕಲಿತಿರಲಿಲ್ಲ. ಚಕ್ಕುಲಿ ತಿನ್ನುತ್ತ ತನ್ನ ಏಳು ತಲೆಮಾರಿನ ಚರಿತ್ರೆಯನ್ನು ಆಸಕ್ತಿಯಿಂದ ಕೇಳಿತು.

ಮಹಡಿಯವರ ಬಗ್ಗೆ ಕೇಳಿದಾಗ, ಗಂಡ ಹೆಂಡತಿ ಇಬ್ಬರೇ ಇರುವುದು, ಚಿನ್ನದಂಥ ಜನ ಎಂದರು. ಸೆಲಾಮ್ ಎಂಬ ಹೆಣ್ಣುಮಗು? ಮೂವರೂ ಮುಖ ಮುಖ ನೋಡಿಕೊಂಡರು. ಶಾಂತಾಳ ಇನ್ನೊಂದು ಹೆಸರು ಬಸಪ್ಪನಿಗೆ ಗೊತ್ತೇ ಇರಲಿಲ್ಲ, ಗೊತ್ತಿದ್ದ ಇಬ್ಬರು ಕಾರ್ಯ ಕೆಡಬಾರದೆಂದು ನುಂಗಿಕೊಂಡರು. ಅಂಥ ಮಗುವೇ ಇಲ್ಲ ಎಂದರು.

ಫಕೀರೇಶರು ಕಂಡದ್ದನ್ನು ಕೇಳಿದ್ದನ್ನು ನಿಷ್ಠೆಯಿಂದ ನಾಲ್ಕು ಪುಟ ಬರೆದು ಕಳಿಸಿದರು: ವಿದೇಶೀ ದಂಪತಿ ವಾಸವಿರುವುದು ನಿಜ, ಅವರ ಮಗುವೆಂದು ಹೇಳಲಾದ ಸೆಲಾಮ್ ಸ್ಥಳದಲ್ಲಿ ಪತ್ತೆಯಾಗಿಲ್ಲ.

ಸೋಮವಾರ ಬೆಳಗ್ಗೆ ಟೆಸ್ಫಾಯೆ ಕೆಳಗಿಳಿದು ಬಂದ. ಕೈಯಲ್ಲಿ ಮೊಬೈಲು. ಪಾಸ್‌ಪೋರ್ಟ್ ಮೂರು, ಮನುಷ್ಯರು ಇಬ್ಬರು. ಮೂರನೆಯವಳಾದ ಮಗು ಎಲ್ಲಿ ಎಂದು ಕಚೇರಿಯವರು ಕೇಳಿದ್ದರು. ಮಗುವನ್ನೂ ಮನೆ ಮಾಲೀಕರನ್ನೂ ಸಾಕ್ಷಿ ಹೇಳಿದವರನ್ನೂ ಕರೆತರಬೇಕು, ಅಲ್ಲಿಯವರೆಗೆ ಮೂವರ ಅರ್ಜಿಯೂ ತಡೆಯಲ್ಲಿರುತ್ತದೆ. ವೀಸಾ ಮುಗಿಯಲು ಐದೇ ದಿನ ಬಾಕಿ.

ಆತ ಕೂಗಾಡಲಿಲ್ಲ. "ಅಂಕಲ್, ನನ್ನ ಮಗಳು ಇಲ್ಲವಂತೆ" ಎಂದ, ಅಷ್ಟೇ.

ಮೆಟ್ಟಿಲ ಮೇಲಿದ್ದ ಸೆಲಾಮ್, "ಇದೀನಲ್ಲ" ಎಂದಳು.

ಏನು ನಡೆದಿದೆಯೆಂದು ಶ್ಯಾಮಸುಂದರರಿಗೆ ತಿಳಿದದ್ದು ಪಾಪಮ್ಮನವರು ತಾವು ಹೇಳಿದ್ದನ್ನೆಲ್ಲ ಹೆಮ್ಮೆಯಿಂದ ಒಪ್ಪಿಸಿದ ಮೇಲೆ. ಅಂದು ಅವರ ಮುಷ್ಟಿ ಮೇಲೇಳಲಿಲ್ಲ. ಅಷ್ಟು ಸಾಲದೆಂಬಂತೆ ನಂದಿನಿ ಲೇಔಟಿನಿಂದ ತಂಗಿ ರಾಗಿಣಿಯ ಫೋನು ಬಂತು. ಅಣ್ಣನಿಗೆ ಒಬ್ಬ ಮಗ, ಒಬ್ಬ ಮಗಳು, ದತ್ತು ಹೋದ ಮೊಮ್ಮಗಳು ಇದ್ದಾರೆಂಬ ಸುದ್ದಿ ಎರಡೇ ದಿನದಲ್ಲಿ ಅಲ್ಲಿಗೂ ಮುಟ್ಟಿತ್ತು. ದತ್ತುಹೋಮಕ್ಕೆ ಒಡಹುಟ್ಟಿದವಳನ್ನೇ ಕರೆಯಲಿಲ್ಲವಲ್ಲ ಎಂದು ಆಕೆ ಅತ್ತಳು. ಇಲ್ಲದ ಮಗನನ್ನು ಇಲ್ಲವೆಂದು ಸಾಧಿಸಲು ಶ್ಯಾಮಸುಂದರರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಅನಂತಲಕ್ಷ್ಮಿ ಬೀರು ತೆರೆದು, ಮದುವೆಯ ಸೀರೆಯ ಮಡಿಕೆಯೊಳಗಿಂದ ಒಂದು ಕಾಗದ ತೆಗೆದು ತಮ್ಮ ಚೀಲಕ್ಕೆ ಸೇರಿಸಿಕೊಂಡರು.

ಮರುದಿನ ಎಂಟನೇ ಕ್ರಾಸು ಎರಡು ಆಟೋಗಳಲ್ಲಿ ಹೊರಟಿತು. ನೋಂದಣಿ ಕಚೇರಿಯ ಅಧಿಕಾರಿ ಬಸವರಾಜೇಶ್ವರಿ ಎಂಬಾಕೆ. ನಡುವಯಸ್ಸು, ಸಣ್ಣ ದನಿ, ಮೇಜಿನ ಮೇಲೆ ಒಂದು ಕಾಗದವೂ ಓರೆಯಾಗಿರಲಿಲ್ಲ. ಪಕ್ಕದಲ್ಲಿ ಫಕೀರೇಶರು ನಿಂತಿದ್ದರು. ಲಂಗದ ಹುಡುಗಿ ಟೆಸ್ಫಾಯೆಯ ಕೈಹಿಡಿದು ಬಂದದ್ದನ್ನು ಕಂಡು ಅವರ ಕಣ್ಣುಗಳು ಅಗಲವಾದವು. "ಇಕಿ ಶ್ಯಾಮಸುಂದರ ಅವರ ಮೊಮ್ಮಗಳಲ್ರೀ ಮೇಡಂ? ದತ್ತು ಹೋಮದ್ದು ಪಂಚೆ ಸುದ್ದಿನೂ ಬರದೀನಿ" ಎಂದರು.

ಅಧಿಕಾರಿ ಪಾಸ್‌ಪೋರ್ಟು ನೋಡಿದರು. ಅದರಲ್ಲಿದ್ದದ್ದು ಎರಡು ವರ್ಷದ ಬೋಳುತಲೆಯ ಕೂಸು. ಎದುರಿಗಿದ್ದದ್ದು ಎರಡು ಜಡೆಯ ಹುಡುಗಿ. ಇವಳು ಮೊಮ್ಮಗಳಾದರೆ ವಿದೇಶೀ ಪಾಸ್‌ಪೋರ್ಟ್ ಯಾಕಿದೆ, ವಿದೇಶಿಯಾದರೆ ಕ್ರಾಸಿಗೆ ಕ್ರಾಸೇ ಯಾಕೆ ಸುಳ್ಳು ಹೇಳಿತು ಎಂದು ಕೇಳಿದರು. ಇಬ್ಬರು ಬೇರೆ ಬೇರೆ ಮಕ್ಕಳಾಗಿದ್ದರೆ ವಿಷಯ ಬಹಳ ದೂರ ಹೋಗುತ್ತದೆ ಎಂದೂ ಮೆಲ್ಲಗೆ ಸೇರಿಸಿದರು. ಅಲ್ಮಾಜ್ ಮಗಳನ್ನು ಹತ್ತಿರ ಎಳೆದುಕೊಂಡಳು.

ದೊಡ್ಡಹನುಮಯ್ಯನವರಿಗೆ ತಡೆಯಲಾಗಲಿಲ್ಲ.

"ಮೇಡಂ, ಬಸವೇಶ್ವರನಗರ ಅನ್ನೋದು ನಮ್ಮ ರಾಗಿ ಹೊಲ. ಆ ರಾಗಿ ಸಾವಿರಾರು ವರ್ಷದ ಹಿಂದೆ ಇವ್ರ ಸೀಮೆಯಿಂದ ಬಂದಿದ್ದು ಅಂತ ಇವ್ರೇ ಹೇಳ್ತಾರೆ. ರಾಗಿಗೆ ನಾವ್ಯಾರೂ ವೀಸಾ ಕೇಳ್ಲಿಲ್ಲ."

"ರಾಗಿ ನಮ್ಮ ಹತ್ರ ಅರ್ಜಿ ಹಾಕಿಲ್ಲ ಯಜಮಾನ್ರೇ" ಎಂದರು ಅಧಿಕಾರಿ.

ಪಾಪಮ್ಮ ಪರಿಸ್ಥಿತಿ ತಿಳಿಗೊಳಿಸಲೆಂದು, ಮಗು ಎಷ್ಟು ಚೆನ್ನಾಗಿ ಓದುತ್ತದೆ ಕೇಳಿ ಎಂದರು. ಅನಂತಲಕ್ಷ್ಮಿ ಬೇಡವೆಂದು ಕಣ್ಣಿನಲ್ಲೇ ಸನ್ನೆ ಮಾಡಿದರೂ ಸೆಲಾಮ್ ಆಗಲೇ ಕೈಕಟ್ಟಿ ನಿಂತಾಗಿತ್ತು. ಒಂದು ಷಟ್ಪದಿ ಎತ್ತಿಕೊಂಡಳು. ಆ ಕಚೇರಿಯಲ್ಲಿ ಟೈಪು ನಿಂತಿತು, ಟೋಕನ್ ಕರೆಯುವವನು ಕರೆಯುವುದನ್ನು ಮರೆತ, ಸಾಲಿನಲ್ಲಿದ್ದ ಹತ್ತು ದೇಶಗಳ ಜನ ಅರ್ಥವಾಗದೆಯೂ ಕತ್ತೆತ್ತಿ ಕೇಳಿದರು.

ಬಸವರಾಜೇಶ್ವರಿ ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮಜ್ಜಿ ಹಿಂಗೆ ಓದ್ತಿದ್ರು" ಎಂದರು. ಆಮೇಲೆ ದನಿ ಬದಲಾಯಿತು. "ಈಗ ಹೇಳಿ. ಹಿಂಗೆ ಓದೋ ಮಗು ವಿದೇಶಿ ಅಂತ ನಾನು ಯಾವ ಕೈಯಲ್ಲಿ ಬರೀಲಿ?"

ಹೊಗಳಿಕೆಯೇ ಉರುಳಾಗಿತ್ತು. ಆಗ ಅನಂತಲಕ್ಷ್ಮಿ ಚೀಲ ತೆರೆದು ಸೀರೆಯ ಮಡಿಕೆಯ ಕಾಗದವನ್ನು ಮೇಜಿನ ಮೇಲಿಟ್ಟರು. ಮಗುವಿನ ಜನನ ಪ್ರಮಾಣಪತ್ರ. ತಂದೆ ಟೆಸ್ಫಾಯೆ, ತಾಯಿ ಅಲ್ಮಾಜ್, ವಿಳಾಸ ಎಂಟನೇ ಕ್ರಾಸು. ಪಾಲಿಕೆಗೆ ನಾಲ್ಕು ಸಲ ಅಲೆದು ಅದನ್ನು ತಂದವರು ಶ್ಯಾಮಸುಂದರರೇ. ತಂದ ದಿನದಿಂದ ಇಂದಿನವರೆಗೆ ಅದನ್ನು ಓದಿರಲಿಲ್ಲ.

"ಇಲ್ಲಿ ಹುಟ್ಟಿದ್ರೆ ಇಲ್ಲಿಯವಳೇ ಅಲ್ವಾ ಮೇಡಂ?" ಎಂದು ಅವರು ಕೊನೆಯ ಪ್ರಯತ್ನ ಮಾಡಿದರು.

"ಒಂದು ಕಾಲಕ್ಕೆ ಹಂಗಿತ್ತು ಸಾರ್. ಎಂಬತ್ತೇಳರಲ್ಲಿ ಬದಲಾಯ್ತು, ಎರಡು ಸಾವಿರದ ನಾಲ್ಕರಲ್ಲಿ ಇನ್ನೂ ಬಿಗಿಯಾಯ್ತು. ಈಗ ಅಪ್ಪ ಅಮ್ಮನಲ್ಲಿ ಒಬ್ರಾದ್ರೂ ಇಂಡಿಯನ್ ಆಗಿರ್ಲೇಬೇಕು. ಎಲ್ಲಾ ಆಫೀಸಿಗೂ ಸುತ್ತೋಲೆ ಹೋಗಿರ್ಬೇಕಲ್ಲ. ನಿಮಗೆ ಬರ್ಲಿಲ್ವಾ?"

ಬಂದಿದ್ದಿರಬೇಕು. ಎರಡು ಸಲವೂ ಅದರ ಮೇಲೆ ಠಪ್ ಎಂದು ಬಿದ್ದ ಸೀಲು ಯಾರದೆಂದು ಊಹಿಸಲು ಶ್ಯಾಮಸುಂದರರಿಗೆ ಕಷ್ಟವಾಗಲಿಲ್ಲ.

ಅಧಿಕಾರಿ ಒಂದು ಬಿಳಿ ಹಾಳೆ ಮುಂದಿಟ್ಟರು. ಈ ಮಗು ತಮ್ಮ ಮೊಮ್ಮಗಳಲ್ಲ, ವಿದೇಶೀ ಪ್ರಜೆ ಎಂದು ಮನೆ ಮಾಲೀಕರು ಬರೆದುಕೊಟ್ಟರೆ ಉಳಿದದ್ದನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದರು. ಶ್ಯಾಮಸುಂದರರು ಪೆನ್ನು ಹಿಡಿದರು. ಲಕ್ಷಾಂತರ ಕಾಗದಗಳನ್ನು ಕ್ಷಣಕ್ಕೊಂದರಂತೆ ದಾಟಿಸಿದ ಆ ಕೈ ಎರಡು ಸಾಲಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಮಧ್ಯೆ ಒಮ್ಮೆ ತಲೆ ಎತ್ತಿ ಮಗುವಿನ ಕಡೆ ನೋಡಿದರು. "ಬರೀರಿ ತಾತಾ, ಟೋಕನ್ ಮುಗಿದುಹೋಗತ್ತೆ" ಎಂದಿತು ಅದು.

ಬರೆದರು. ಅಧಿಕಾರಿ ಗಟ್ಟಿಯಾಗಿ ಓದಿದರು: "'ಸೆಲಾಮ್ ಟೆಸ್ಫಾಯೆ ವಿದೇಶೀ ಪ್ರಜೆ ಎಂಬುದು ನಿಜ. ನಮ್ಮ ಮನೆಯ ಮಗು ಎಂಬುದೂ ನಿಜ.' ಎರಡು ಬರ್ದಿದೀರಲ್ಲ ಸಾರ್, ಯಾವುದನ್ನ ತಗೊಳ್ಲಿ?"

"ನಿಮಗೆ ಮೊದಲನೇದು ಸಾಕು ಮೇಡಂ. ಎರಡನೇದು ಫೈಲಲ್ಲಿ ಇರ್ಲಿ."

ಬಸವರಾಜೇಶ್ವರಿ ಎರಡನೆಯ ಸಾಲನ್ನು ಹೊಡೆದುಹಾಕಬಹುದಿತ್ತು. ಹಾಕಲಿಲ್ಲ. ಹಾಳೆಯನ್ನು ಪಕ್ಕದ ಮೇಜಿಗೆ ಕಳಿಸಿದರು. ಅಲ್ಲೊಬ್ಬ ಗುಮಾಸ್ತ ಅದನ್ನು ಓದದೆಯೇ ಠಪ್ ಎಂದು ಸೀಲು ಒತ್ತಿದ. ಕಾಗದದ ಮೇಲೆ ಒಂದು ಮನುಷ್ಯಜೀವ ಕೂತಿರುತ್ತದೆ ಎಂದು ಅವನಿಗೆ ಹೇಳಬೇಕೆನಿಸಿತು ಶ್ಯಾಮಸುಂದರರಿಗೆ. ಆದರೆ ಅವನ ಮುಖ ಮೂವತ್ತನಾಲ್ಕು ವರ್ಷದ ನೌಕರಿಯ ತಮ್ಮ ಮುಖದಂತೆಯೇ ಇದ್ದುದರಿಂದ ಸುಮ್ಮನಾದರು. ಸಾಕ್ಷಿಗಳು ಮೂವರೂ ಇನ್ನು ಮುಂದೆ ಗೊತ್ತಿಲ್ಲದ್ದನ್ನು ಹೇಳುವುದಿಲ್ಲವೆಂದು ಬರೆದುಕೊಟ್ಟರು. ಫಕೀರೇಶರು ಹೋಗುವಾಗ ಮಗುವಿನ ತಲೆ ಸವರಿ, "ನೀರು ಭಾಳ ತಂಪಿತ್ತವಾ" ಎಂದರು.

ನಾಲ್ಕನೆಯ ದಿನ ಮೂವರಿಗೂ ಒಂದು ವರ್ಷದ ವಿಸ್ತರಣೆ ಬಂತು. ಬರುವ ವರ್ಷ ಇದೇ ತಿಂಗಳು ಮತ್ತೆ ಇದೇ ಅರ್ಜಿ. ಅದುವರೆಗೆ ಸಂಜೆ ಐದಕ್ಕೆ ಕ್ಲಾಸು.

ಹದಿನೈದು ದಿನ ಕಳೆದ ಮೇಲೆ, ಎಲ್ಲರೂ ಮರೆತಿದ್ದ ನಾಡಕಚೇರಿಯವನು ಬಂದ. ಸೆಲಾಮ್ ಎಂಬ ಮಗು ಇಲ್ಲಿ ವಾಸವಿದೆಯೇ ಎಂದು ವಿಚಾರಿಸಿದ. ಪಾಪಮ್ಮ ಬಾಗಿಲು ಅರ್ಧ ಮುಚ್ಚಿ, ಬರವಣಿಗೆಯಲ್ಲಿ ಕೊಟ್ಟರೆ ಓದಿ ಹೇಳುತ್ತೇವೆ ಎಂದರು. ದೊಡ್ಡಹನುಮಯ್ಯನವರು ತಮಗೆ ಈ ಏರಿಯಾವೇ ಹೊಸದು ಎಂದರು. ಬಸಪ್ಪ ತಾನು ಬಟ್ಟೆಗಳನ್ನು ಮಾತ್ರ ಬಲ್ಲೆ, ಒಳಗಿನ ಮನುಷ್ಯರನ್ನಲ್ಲ ಎಂದ. ಬಿಸಿಲಲ್ಲಿ ಬೆವರುತ್ತ ಆತ ಶ್ಯಾಮಸುಂದರರ ಗೇಟಿಗೆ ಬಂದಾಗ, ಅವರು ಎರಡೂ ಕೈ ಜೋಡಿಸಿ, ಮಗು ವಿದೇಶಿ, ತಮ್ಮ ಮೊಮ್ಮಗಳಲ್ಲ, ವೀಸಾ ಒಂದೇ ವರ್ಷಕ್ಕೆ, ಅರ್ಜಿ ತಪ್ಪಾಗಿದೆ, ಹರಿದುಹಾಕಿ ಎಂದು ಒಂದೇ ಉಸಿರಿಗೆ ಒಪ್ಪಿಸಿದರು.

"ಅದೆಲ್ಲ ನಂಗ್ಯಾಕೆ ಸಾರ್?" ಎಂದ ಆತ. "ಹಕ್ಕಿನ ವಿಚಾರ ಮೇಲಿನವರು ನೋಡ್ಕೋತಾರೆ. ನಾನು ಕೇಳ್ತಿರೋದು ಮಗು ಇಲ್ಲಿ ವಾಸ ಇದೆಯೋ ಇಲ್ವೋ ಅಂತ."

ಹಜಾರದಲ್ಲಿ ಐದು ಗಂಟೆಯ ವಾಚನ ಶುರುವಾಗಿತ್ತು. ಶ್ಯಾಮಸುಂದರರು ಕಿಟಕಿಯ ಕಡೆ ಬೆರಳು ತೋರಿಸಿದರು. ಆತ ಕೇಳಿದ. ಎರಡನೆಯ ಪದ್ಯಕ್ಕೆ ಚಪ್ಪಲಿ ಬಿಟ್ಟ, ಮೂರನೆಯದಕ್ಕೆ ಮೆಟ್ಟಿಲ ಮೇಲೆ ಕೂತ. ಮುಗಿದ ಮೇಲೆ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಒಂದು ಸಾಲು ಬರೆದು ಸಹಿಗೆ ಚಾಚಿದ.

ಶ್ಯಾಮಸುಂದರರು ಕನ್ನಡಕ ತರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು. 'ಸ್ಥಳ ಪರಿಶೀಲಿಸಿದೆ. ಮಗು ಹುಟ್ಟಿದಂದಿನಿಂದ ಈ ಮನೆಯಲ್ಲಿ ವಾಸವಿದೆ.' ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಮಾಡಿದರು.

ಅಷ್ಟರಲ್ಲಿ ಪುಸ್ತಕ ಮಡಿಸಿ ಹೊರಗೆ ಬಂದ ಸೆಲಾಮ್, ಕಾಗದವನ್ನೂ ತಾತನ ಮುಖವನ್ನೂ ನೋಡಿ, ಸಹಿಯ ಪಕ್ಕದಲ್ಲೇ ತನ್ನ ಮುಷ್ಟಿಯನ್ನು ಠಪ್ ಎಂದು ಕುಟ್ಟಿದಳು.

"ಇನ್‌ವರ್ಡ್ ಆಯ್ತು" ಎಂದಳು.